ಬಿಸಿಲುಮಚ್ಚಿನ ಮೇಲೆ ವಸಂತ

ಫಾಲ್ಗುಣ ಮುಗಿಯಲು ಇನ್ನೂ ಒಂದೆರಡು ವಾರವಿರುವಾಗಲೇ ಬೆಂಗಳೂರಿನ ಹಳೆಯ ಬಡಾವಣೆಗಳ ಗೃಹಿಣಿ ಬೆಳಗಿನ ಕಾಫಿ ಮುಗಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಡ್ಡಿಪೊರಕೆ ಹಿಡಿದು ಮಹಡಿಯ ಮೆಟ್ಟಿಲು ಹತ್ತುತ್ತಾಳೆ. ನಿನ್ನೆ ತಾನೇ ಗುಡಿಸಿದ ನೆಲ. ಆದರೂ ಇಂದು ಅಲ್ಲಿ ಕಾಲಿಡಲು ತೆರಪಿಲ್ಲ. ಪಕ್ಕದ ಮನೆಯ ಹೊಂಗೆಯ ಮರ ರಾತ್ರಿಯೆಲ್ಲ ಎಲೆ ಉದುರಿಸಿದೆ. ಹಳದಿ ಎಲೆ, ಒಣಗಿದ ಕಾಯಿ, ಕಡ್ಡಿ, ಪುಳ್ಳೆ. “ಈ ಮರಕ್ಕೆ ಬೇರೆ ಕೆಲಸವೇ ಇಲ್ಲ” ಎಂದು ಗೊಣಗುತ್ತ ಆಕೆ ಗುಡಿಸುತ್ತಾಳೆ. ಮರುದಿನವೂ ಅದೇ ಕಥೆ, ಅದರ ಮರುದಿನವೂ ಅದೇ. ಹೀಗೆ ಗೊಣಗಿ ಗೊಣಗಿ ಬೇಸತ್ತಿರುವಾಗ ಒಂದು ದಿನ ತಲೆಯೆತ್ತಿ ನೋಡಿದರೆ, ಆ ಮರವೇ ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ಹುಡುಗಿಯ ಹಾಗೆ ಎಳೆಯ ಹಸುರಿನಲ್ಲಿ ತಳತಳಿಸುತ್ತಿರುತ್ತದೆ. ಪೊರಕೆ ಕೈಯಲ್ಲಿದ್ದಂತೆಯೇ ಆಕೆ ಒಂದು ಗಳಿಗೆ ನಿಂತುಬಿಡುತ್ತಾಳೆ. ಒಳಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದೂ ಆಗ ನೆನಪಿಗೆ ಬರುವುದಿಲ್ಲ.

ಹತ್ತನೆಯ ಶತಮಾನದ ಪಂಪನಿಗೆ ವಸಂತವೆಂದರೆ ಬನವಾಸಿಯ ತೋಟಗಳು ನೆನಪಾದುವು. ಅವನ ಅನಂತರ ಬಂದ ಕವಿಗಳೂ ಋತುವರ್ಣನೆಗೆ ಉಪವನ, ಸರೋವರ, ಮಾಧವೀಲತೆಗಳಿಲ್ಲದೆ ಕೈಹಾಕಲಿಲ್ಲ. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಮನೆ ಕಟ್ಟಿಕೊಂಡ, ಇಲ್ಲವೆ ಅಂಥ ಮನೆಯ ಮೇಲಂತಸ್ತನ್ನು ಬಾಡಿಗೆಗೆ ಹಿಡಿದ ಸಂಸಾರಕ್ಕೆ ಉಪವನವೆಲ್ಲಿಂದ ಬರಬೇಕು? ಅದಕ್ಕಿರುವುದು ಬಿಸಿಲುಮಚ್ಚು. ಈಗ ಎಲ್ಲರೂ ಅದನ್ನು ಟೆರೇಸು, ತಾರಸಿ ಎಂದೇ ಕರೆಯುತ್ತಾರೆ. ಆದರೆ ಬಿಸಿಲುಮಚ್ಚು ಎಂಬ ಮಾತಿನಲ್ಲಿ ಆ ಜಾಗದ ಗುಣವೆಲ್ಲ ಅಡಗಿದೆ: ಬಿಸಿಲಿಗೆಂದೇ ಕಟ್ಟಿದ ಮಾಳಿಗೆ.

ಹಿಂದೆ ಅದರ ಅಗತ್ಯ ಅಷ್ಟಾಗಿ ಇರಲಿಲ್ಲ. ೧೮೯೮ರ ಪ್ಲೇಗಿನ ಬಳಿಕ ಊರು ಕೋಟೆ ಪೇಟೆಗಳ ಇಕ್ಕಟ್ಟಿನಿಂದ ಹೊರಬಿದ್ದು ಬಸವನಗುಡಿ, ಮಲ್ಲೇಶ್ವರಗಳಲ್ಲಿ ಹರಡಿಕೊಂಡಾಗ, ಗಾಳಿ ಬೆಳಕುಗಳಿಗಾಗಿ ಮನೆಯ ಸುತ್ತ ಜಾಗ ಬಿಟ್ಟರು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಮಾಡಿದ ಬಗೆಯ ಹೆಂಚುಗಳು ಇಲ್ಲಿನ ಮನೆಗಳ ಮೇಲೂ ಕುಳಿತುವು. ಹೆಂಚಿನ ಮನೆಗೆ ಬಿಸಿಲುಮಚ್ಚಿಲ್ಲ. ಒಗೆದ ಬಟ್ಟೆ ಒಣಗುವುದೂ, ಮೆಣಸಿನಕಾಯಿ ಹರಡುವುದೂ, ಮಕ್ಕಳು ಕುಂಟಾಬಿಲ್ಲೆ ಆಡುವುದೂ ಎಲ್ಲವೂ ಅಂಗಳದಲ್ಲಿಯೇ. ಮುಂದೆ ನಿವೇಶನಗಳು ಕಿರಿದಾದುವು, ಸಿಮೆಂಟು ಕಬ್ಬಿಣಗಳ ಚಪ್ಪಟೆ ಮಾಡು ಬಂತು, ಅಂಗಳವೇ ಮೆಟ್ಟಿಲು ಹತ್ತಿ ಮೇಲೆ ಹೋಗಿ ಕುಳಿತಿತು. ವರ್ಷದ ಹತ್ತು ತಿಂಗಳು ಅಲ್ಲಿಗೆ ಹೋಗುವವರು ಬಟ್ಟೆ ಒಣಹಾಕುವವರು ಮತ್ತು ನೀರಿನ ತೊಟ್ಟಿ ಇಣುಕುವವರು ಮಾತ್ರ. ಚೈತ್ರ ವೈಶಾಖಗಳಲ್ಲಿ ಇಡೀ ಸಂಸಾರವೇ ಮೇಲೇರುತ್ತದೆ.

ಮೊದಲು ಮೇಲೇರುವವರು ಪರೀಕ್ಷೆಯ ಮಕ್ಕಳು. ಚೈತ್ರದ ಬೆಳಗಿನ ತಂಗಾಳಿಗೆ ಮುಖವೊಡ್ಡಿ, ಪುಸ್ತಕ ಕೈಯಲ್ಲಿ ಹಿಡಿದು ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತ ಉರು ಹೊಡೆಯುವ ಎಸ್.ಎಸ್.ಎಲ್.ಸಿ. ಹುಡುಗ ಪ್ರತಿ ಬೀದಿಯಲ್ಲಿಯೂ ಒಬ್ಬನಾದರೂ ಇರುತ್ತಾನೆ. ಅವನ ವೈರಿ ಕೋಗಿಲೆ. ಇನ್ನೂ ಕತ್ತಲಿರುವಾಗ ಒಂದು ಕೂಗು ಎತ್ತಿತೆಂದರೆ, ಒಂದೊಂದು ಸಲಕ್ಕೂ ಸ್ವರವನ್ನು ಏರಿಸುತ್ತ, ಇನ್ನು ಗಂಟಲು ಹರಿದೇಹೋಯಿತೆನ್ನುವವರೆಗೆ ಒಯ್ದು, ತಟ್ಟನೆ ನಿಲ್ಲಿಸುತ್ತದೆ. ಉಸ್ಸೆಂದು ಹುಡುಗ ಪುಸ್ತಕಕ್ಕೆ ಮರಳಿದನೋ ಇಲ್ಲವೋ, ಮತ್ತೆ ಮೊದಲಿನಿಂದ ಆರಂಭ. ಕಾವ್ಯದಲ್ಲಿ ಕೋಗಿಲೆಯನ್ನು ಹೆಣ್ಣೆಂದು ಕಲ್ಪಿಸಿದವರು ಬಹಳ ಮಂದಿ. ನಿಜವಾಗಿ ಹೀಗೆ ಹಾಡುವುದು ಗಂಡು. ಮಿರುಗುವ ಕಪ್ಪು ಮೈ, ಕೆಂಪು ಕಣ್ಣಿನ ಹಕ್ಕಿ. ಹೆಣ್ಣು ಕಂದು ಬಣ್ಣದ್ದು, ಮೈತುಂಬ ಬಿಳಿಯ ಚುಕ್ಕೆ. ಅದರ ದನಿ ಕಿಕ್ ಕಿಕ್ ಎಂದಷ್ಟೆ. ತಾನು ಗೂಡು ಕಟ್ಟುವ ಗೋಜಿಗೆ ಹೋಗದೆ ಅದು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ, ಕಾಗೆ ಅದನ್ನು ಸಾಕುತ್ತದೆ. ಸಂಡಿಗೆ ಕಾಯುತ್ತ ದಿನವಿಡೀ ಕಾಗೆಗೆ ಶಾಪ ಹಾಕುವ ಮನೆಯಾಕೆ ಸಂಜೆ ಕೋಗಿಲೆಯ ದನಿಗೆ ತಲೆದೂಗುವಾಗ, ಆ ಹಾಡುಗಾರನಿಗೆ ಬಾಯಿಗೆ ತುತ್ತಿಟ್ಟು ಬೆಳೆಸಿದ್ದು ಒಂದು ಕಾಗೆಯೇ ಎಂಬುದನ್ನು ಯಾರಾದರೂ ನೆನಪಿಸಬೇಕು.

ಮಹಡಿಯ ಮೇಲೆ ನಿಂತರೆ ಊರು ಬೇರೆಯಾಗಿಯೇ ಕಾಣುತ್ತದೆ. ಕೆಳಗೆ ವಾಹನಗಳ ಗದ್ದಲ. ಕಣ್ಣಿನ ಮಟ್ಟದಲ್ಲಿ ಹೂವಿನ ಗೋಪುರಗಳು. ಮೊದಲು ತಬೂಬಿಯದ ನಸುಗೆಂಪು, ಅದರ ಹಿಂದೆಯೇ ಜಕರಂದದ ನೀಲಿ, ಬಿಸಿಲು ಬಲಿತ ಮೇಲೆ ಗುಲ್‌ಮೊಹರಿನ ಕೆಂಪು. ೧೯೦೮ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಒಂದು ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಗಳ ಮರಗಳನ್ನು ಆರಿಸಿದರೆಂದು ಖ್ಯಾತಿ. ೧೯೮೦ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಊರಿನಲ್ಲಿ ನೆಡಿಸಿದ ಗಿಡಗಳು ಸುಮಾರು ೧೫ ಲಕ್ಷ. ತಬೂಬಿಯ, ಜಕರಂದಗಳು ಅಮೆರಿಕ ಖಂಡದವು, ಗುಲ್‌ಮೊಹರು ಮಡಗಾಸ್ಕರಿನದು. ಹಾಗೆಂದು ಅವುಗಳನ್ನು ಹೊರಗಿನವೆಂದು ಬಗೆದವರಿಲ್ಲ. ಗುಲ್‌ಮೊಹರಿನ ಉದ್ದನೆಯ ಕಾಯಿಯನ್ನು ಖಡ್ಗ ಮಾಡಿಕೊಂಡು ಕಾದಾಡಿದ ಮಕ್ಕಳು ಅದಕ್ಕೆ ಕತ್ತಿಕಾಯಿ ಮರವೆಂದು ಹೆಸರನ್ನೂ ಕೊಟ್ಟಾಗಿದೆ.

ಆದರೆ ದೂರದ ಬೀದಿಯ ಮರ ಸೊಬಗಿಗೆ. ಪಕ್ಕದ ಮನೆಯ ಮರ ಜಗಳಕ್ಕೆ.

ಬಸವನಗುಡಿಯ ಒಂದು ಅಡ್ಡರಸ್ತೆಯ ಎರಡು ಮನೆಗಳನ್ನು ತೆಗೆದುಕೊಳ್ಳಬಹುದು. ಒಂದು ಮನೆ ನಿವೃತ್ತ ಮೇಷ್ಟರದು, ಇನ್ನೊಂದು ಬ್ಯಾಂಕಿನಿಂದ ನಿವೃತ್ತರಾದ ರಾಯರದು. ಮೇಷ್ಟರು ಗೃಹಪ್ರವೇಶದ ವರ್ಷ ನೆಟ್ಟ ಹೊಂಗೆಯ ಸಸಿ ಈಗ ಹೆಮ್ಮರವಾಗಿ, ನೆರಳಿನ ಅರ್ಧವನ್ನೂ ಎಲೆಯ ಮುಕ್ಕಾಲನ್ನೂ ರಾಯರ ಬಿಸಿಲುಮಚ್ಚಿಗೆ ಸುರಿಯುತ್ತದೆ. ಮೂವತ್ತು ವರ್ಷ ಈ ಇಬ್ಬರು ಬೆಳಗಿನ ವಾಯುಸಂಚಾರಕ್ಕೆ ಜೊತೆಯಾಗಿ ಹೋಗಿ, ಒಂದೇ ಹೋಟೆಲಿನಲ್ಲಿ ಕಾಫಿಯನ್ನು ಬೈಟು ಮಾಡಿ ಕುಡಿದು, ಒಂದೇ ಪತ್ರಿಕೆಯನ್ನು ಎರಡು ಭಾಗ ಮಾಡಿಕೊಂಡು ಓದಿದವರು. ಒಂದು ವರ್ಷ ಎಲೆ ಕಟ್ಟಿಕೊಂಡು ಮಳೆನೀರಿನ ಕೊಳವೆ ಮುಚ್ಚಿಹೋಯಿತು. ಮಹಡಿಯಲ್ಲಿ ನೀರು ನಿಂತು, ಕೆಳಗಿನ ಕೋಣೆಯ ಗೋಡೆ ನೆನೆದು, ಹೊಸದಾಗಿ ಹೊಡೆಸಿದ ಬಣ್ಣ ಉಬ್ಬಿ ಬಂತು. ಅದು ಸಾಲದೆಂಬಂತೆ, ಮಳೆಕೊಯ್ಲಿಗಾಗಿ ರಾಯರು ಕೂಡಿಸಿದ್ದ ಸೋಸುಗುಂಡಿಯಲ್ಲಿಯೂ ಎಲೆ. ಮಳೆಕೊಯ್ಲು ಬೆಂಗಳೂರಿನಲ್ಲಿ ೨೦೦೯ರಿಂದ ಕಡ್ಡಾಯವಾಗಿ ಬಂದ ವ್ಯವಸ್ಥೆ. ರಾಯರು ಕಡ್ಡಾಯವಾದುದನ್ನೆಲ್ಲ ಶ್ರದ್ಧೆಯಿಂದ ಮಾಡುವವರು. ಕೊಂಬೆ ಕಡಿಸಿರೆಂದು ಕೇಳಿದರು. ಮೇಷ್ಟರು “ನೋಡೋಣ” ಎಂದರು. ಮುಂದಿನ ವರ್ಷ ಮತ್ತೆ ಕೇಳಿದರು, ಮತ್ತೆ “ನೋಡೋಣ”. ಮೂರನೆಯ ವರ್ಷದ ಶಿವರಾತ್ರಿಯ ಹೊತ್ತಿಗೆ ಮಾತು ಬೆಳೆಯಿತು. “ನಿಮ್ಮ ಮರ ನಿಮ್ಮ ಕಾಂಪೌಂಡಿನಲ್ಲಿ ಇರಲಿ” ಎಂದರು ಇವರು. “ಅದಕ್ಕೆ ಓದು ಬರಹ ಬಂದಿದ್ದರೆ ಹೇಳಬಹುದಾಗಿತ್ತು” ಎಂದರು ಅವರು. ಮರುದಿನದಿಂದ ಇಬ್ಬರ ವಾಯುಸಂಚಾರವೂ ಬೇರೆ ಬೇರೆ ದಿಕ್ಕಿಗೆ.

ಖಾಸಗಿ ನೆಲದ ಮರವೆಂದು ಮನಬಂದಂತೆ ಕಡಿಯುವಂತಿಲ್ಲ. ೧೯೭೬ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಅದನ್ನು ಬಲ್ಲ ರಾಯರು ಒಂದು ಅರ್ಜಿ ಬರೆದರು. ಬ್ಯಾಂಕಿನ ಅಭ್ಯಾಸ, ಅಕ್ಷರ ಮುತ್ತಿನಂತಿತ್ತು, ಶಾಯಿ ನೀಲಿಯದು, ಅಂಕಿ ಅಂಶಗಳಿಗೆ ಕೊರತೆಯಿರಲಿಲ್ಲ. ಬರೆದು, ಹಳೆಯ ಪತ್ರಿಕೆಗಳನ್ನಿಡುವ ಕಪಾಟಿನ ಮೇಲಿಟ್ಟರು. ಕೊಟ್ಟು ಬರಲು ದಿನ ಮಾತ್ರ ಕೂಡಿಬರಲಿಲ್ಲ. ಇಂದು ಬಿಸಿಲು ಹೆಚ್ಚು, ನಾಳೆ ಅಮಾವಾಸ್ಯೆ, ನಾಡಿದ್ದು ಹಬ್ಬ.

ಹೆಂಗಸರ ನಡುವೆ ಇದಾವುದೂ ಇರಲಿಲ್ಲ. ಯುಗಾದಿಯ ದಿನ ಮೇಷ್ಟರ ಮನೆಯ ಒಬ್ಬಟ್ಟಿನ ಸಾರು ಕಾಂಪೌಂಡಿನ ಗೋಡೆ ದಾಟಿ ಹೋಯಿತು. ರಾಯರ ಮನೆಯ ಮಾವಿನಕಾಯಿ ಚಿತ್ರಾನ್ನ ಅದೇ ಡಬ್ಬಿಯಲ್ಲಿ ಮರಳಿ ಬಂತು. ಬರಿಯ ಡಬ್ಬಿ ಹಿಂದಿರುಗಿಸಬಾರದೆಂಬುದು ಶಾಸ್ತ್ರ. ಇಬ್ಬರು ಯಜಮಾನರೂ ಒಬ್ಬರ ಮನೆಯ ಅಡಿಗೆಯನ್ನು ಇನ್ನೊಬ್ಬರು ಚಪ್ಪರಿಸಿ ಉಂಡರು, ಯಾರ ಮನೆಯದೆಂದು ಕೇಳಲಿಲ್ಲ.

ಯುಗಾದಿಯ ಮರುದಿನದ ಸಂಜೆ ಚಂದ್ರದರ್ಶನ. ಬೇವು ಬೆಲ್ಲದ ವಿಷಯವನ್ನು ಎಲ್ಲರೂ ಬರೆಯುತ್ತಾರೆ. ಈ ಚಂದ್ರನ ವಿಷಯವನ್ನು ಬರೆಯುವವರು ಕಡಮೆ. ಭಾದ್ರಪದದ ಚೌತಿಯ ಚಂದ್ರನನ್ನು ನೋಡಬಾರದೆಂದು ಕಿಟಕಿ ಮುಚ್ಚಿಕೊಳ್ಳುವ ಜನರೇ ಚೈತ್ರದ ಬಿದಿಗೆಯ ಚಂದ್ರನನ್ನು ಕಾಣಲೇಬೇಕೆಂದು ಕತ್ತು ನೀಳ ಮಾಡಿ ನಿಲ್ಲುತ್ತಾರೆ. ಕಂಡ ಕೂಡಲೇ ಕೈಮುಗಿದು, ಕಿರಿಯರು ಹಿರಿಯರಿಗೆ ನಮಸ್ಕರಿಸಬೇಕು. ಸುಲಭದ ಕೆಲಸವಲ್ಲ ಅದು. ಸೂರ್ಯ ಮುಳುಗಿದ ಮೇಲೆ, ಪಡುವಣ ದಿಕ್ಕಿನಲ್ಲಿ, ಇನ್ನೂ ಆರದ ಬೆಳಕಿನ ನಡುವೆ, ಉಗುರಿನ ಚೂರಿನಷ್ಟು ತೆಳುವಾದ ಗೆರೆಯೊಂದನ್ನು ಹುಡುಕಬೇಕು. ಕಂಡರೂ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆಯಲ್ಲಿ ಅವನೂ ಮುಳುಗುತ್ತಾನೆ. ಈ ಋತುವಿನ ಎಳೆಯ ಚಂದ್ರ ಸೂರ್ಯ ಮುಳುಗಿದೆಡೆಯ ನೆತ್ತಿಯ ಮೇಲೆಯೇ ಹೆಚ್ಚು ಕಡಮೆ ನಿಲ್ಲುವುದರಿಂದ, ಎರಡು ಕೋಡನ್ನೂ ಮೇಲೆ ಮಾಡಿ ದೋಣಿಯಂತೆ ಅಂಗಾತ ಮಲಗಿರುತ್ತಾನೆ. ಹಿಂದೆ ಬೀದಿಯಲ್ಲಿ ನಿಂತರೆ ಸಾಕಾಗಿತ್ತು. ಈಗ ಪಡುವಣಕ್ಕೆ ನಾಲ್ಕು ಅಂತಸ್ತಿನ ಕಟ್ಟಡವೆದ್ದ ಮನೆಯವರು ಚಂದ್ರನನ್ನು ನೋಡಬೇಕಾದರೆ ಇನ್ನೊಬ್ಬರ ಮಹಡಿಯನ್ನು ಆಶ್ರಯಿಸಬೇಕು.

ಅದೇ ಗೆರೆಯನ್ನು ಹುಡುಕುವವರು ಬೇರೆಯವರೂ ಇದ್ದಾರೆ. ೨೦೨೪ರಲ್ಲಿ ಯುಗಾದಿ ಏಪ್ರಿಲ್ ೯ಕ್ಕೆ ಬಂತು. ೧೦ರ ಸಂಜೆ ಒಂದು ಮಹಡಿಯಲ್ಲಿ ಚಂದ್ರದರ್ಶನಕ್ಕೆ ಜನ ನಿಂತಿದ್ದರೆ, ಆಚೆಯ ಬೀದಿಯ ಮಹಡಿಗಳಲ್ಲಿ ರಂಜಾನಿನ ಚಂದ್ರನಿಗಾಗಿ ನಿಂತಿದ್ದರು. ೨೦೨೫ರಲ್ಲಿಯೂ ಯುಗಾದಿಯಾದ ಮರುದಿನವೇ, ಮಾರ್ಚ್ ೩೧ರಂದು ಈದ್. ಎರಡು ಪಂಚಾಂಗಗಳ ಲೆಕ್ಕಾಚಾರ ಏನೇ ಇರಲಿ, ಮೊದಲು ಕಂಡ ಮಗು “ಅಕೋ ಅಲ್ಲಿ!” ಎಂದು ಕೂಗುವ ದನಿ ಎರಡು ಕಡೆಯೂ ಒಂದೇ.

ಮೇಷ್ಟರ ಮನೆಯವರು ವರ್ಷವೂ ಚಂದ್ರನನ್ನು ನೋಡುತ್ತಿದ್ದದ್ದು ರಾಯರ ಬಿಸಿಲುಮಚ್ಚಿನಿಂದ. ಈ ಸಲ ಬರುವರೋ ಇಲ್ಲವೋ ಎಂಬ ಪ್ರಶ್ನೆ ರಾಯರ ಮನೆಯಲ್ಲಿ ಮಧ್ಯಾಹ್ನದಿಂದ ಸುಳಿದಾಡುತ್ತಿತ್ತು. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಆದರೆ ರಾಯರು ತಾವೇ ಮೇಲೆ ಹೋಗಿ ಎರಡು ಕುರ್ಚಿಗಳನ್ನು ಒರೆಸಿಟ್ಟು ಬಂದದ್ದನ್ನು ಮನೆಯಾಕೆ ನೋಡಿದರು. ಆರೂವರೆಗೆ ಮೊಮ್ಮಗನ ಕೈ ಹಿಡಿದು ಮೇಷ್ಟರು ಮೆಟ್ಟಿಲು ಹತ್ತಿ ಬಂದರು. ಹತ್ತಿದ ಮೇಲೆ, ರಾಯರು ನಿಂತ ಮೂಲೆಯನ್ನು ಬಿಟ್ಟು ಇನ್ನೊಂದು ಮೂಲೆಯಲ್ಲಿ ನಿಂತರು. ಹುಡುಗರು, ಹೆಂಗಸರು ಎಲ್ಲರೂ ಆಕಾಶವನ್ನು ಜಾಲಿಸತೊಡಗಿದರು. ಒಬ್ಬೊಬ್ಬರಾಗಿ ಎಲ್ಲರಿಗೂ ಕಂಡಿತು. ರಾಯರಿಗೆ ಮಾತ್ರ ಕಾಣಲೊಲ್ಲದು. ಆರು ತಿಂಗಳ ಹಿಂದೆ ಪೊರೆ ತೆಗೆಸಿದ ಕಣ್ಣು. ಕನ್ನಡಕ ಒರೆಸಿದರು, ಹುಬ್ಬಿಗೆ ಕೈಯಿಟ್ಟರು, ಆ ಕಡೆ ಈ ಕಡೆ ತಿರುಗಿದರು. ಕತ್ತಲು ಕವಿಯುತ್ತಿತ್ತು. ಕೊನೆಗೆ ಆಚೆಯ ಮೂಲೆಯಿಂದ ದನಿಯೊಂದು ಬಂತು:

“ನಮ್ಮ ಮರದ ಮೇಲುಕೊಂಬೆ ಕಾಣತ್ತಲ್ಲ ರಾಯರೇ, ಅದರ ಎಡಕ್ಕೆ. ಒಂದು ಗೇಣು ಮೇಲೆ.”

ರಾಯರು ನೋಡಿದರು. ಕೊಂಬೆಯೂ ಕಂಡಿತು, ಚಂದ್ರನೂ ಕಂಡ. ಕೈಮುಗಿದರು. ಮೇಷ್ಟರು ಅವರಿಗಿಂತ ನಾಲ್ಕು ವರ್ಷ ಹಿರಿಯರು. ಪ್ರತಿ ವರ್ಷ ಈ ಗಳಿಗೆಯಲ್ಲಿ ರಾಯರು ಬಗ್ಗಿ ನಮಸ್ಕರಿಸುವುದೂ, ಅವರು “ಅಯ್ಯೋ, ಬಿಡಿ ಬಿಡಿ” ಎಂದು ಹಿಡಿದೆತ್ತುವುದೂ ವಾಡಿಕೆ. ಈ ಸಲ ಮೊಮ್ಮಕ್ಕಳ ನಮಸ್ಕಾರದ ಗಲಾಟೆಯಲ್ಲಿ ಅದು ನಡೆಯಿತೋ ಇಲ್ಲವೋ ಯಾರೂ ಗಮನಿಸಲಿಲ್ಲ. ಒಟ್ಟಿನಲ್ಲಿ ಆ ಸಂಜೆ ಆದ ಮಾತು ಅಷ್ಟೆ. ವಾಯುಸಂಚಾರ ಇನ್ನೂ ಬೇರೆ ಬೇರೆಯಾಗಿಯೇ ಇತ್ತು.

ಚಂದ್ರನ ಹಿಂದೆಯೇ ರಾಮನವಮಿ. ಬೀದಿ ಬೀದಿಯಲ್ಲಿ ಚಪ್ಪರ, ಕರಬೂಜದ ಪಾನಕ, ನೀರುಮಜ್ಜಿಗೆ, ಸೌತೆಕಾಯಿಯ ಮೇಲೆ ಮಾವಿನಕಾಯಿಯ ತುರಿ ಉದುರಿಸಿದ ಕೋಸಂಬರಿ. ಆಫೀಸಿಗೆ ಹೊರಟವನು ಮೂರು ಚಪ್ಪರ ದಾಟುವಷ್ಟರಲ್ಲಿ ಊಟ ಮುಗಿಸಿದಂತಾಗುತ್ತದೆ. ಚಾಮರಾಜಪೇಟೆಯಲ್ಲಿ ೧೯೩೯ರಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಆರಂಭಿಸಿದ ರಾಮೋತ್ಸವದ ಸಂಗೀತವಂತೂ ಊರಿನ ವಸಂತದ ಅಂಗವಾಗಿಯೇ ಹೋಗಿದೆ. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದೊಳಗೆ ಕುಳಿತು ಕೇಳಿದವರೆಷ್ಟೋ, ಹೊರಗೆ ರಸ್ತೆಯ ಬದಿಯಲ್ಲಿ ನಿಂತು ಕೇಳಿದವರೂ ಅಷ್ಟೇ. ಇತ್ತ ಬೀದಿಯ ಮೂಲೆಯ ಧ್ವನಿವರ್ಧಕ, ಪರೀಕ್ಷೆಯ ಹುಡುಗನ ಪಾಲಿಗೆ ಕೋಗಿಲೆಯಾದ ಮೇಲೆ ಒದಗಿದ ಎರಡನೆಯ ವೈರಿ. ದೂರು ಹೇಳಲು ಹೋದ ತಂದೆ ಎರಡು ಲೋಟ ಪಾನಕ ಕುಡಿದು ಹಿಂದಿರುಗುತ್ತಾನೆ. ಇನ್ನು ಮಲ್ಲಿಗೆಯ ಕಾಲದ ತಕರಾರು ಬೇರೆ: ಹೂವಾಡಗಿತ್ತಿಯ ಮೊಳ ಮತ್ತು ಕೊಳ್ಳುವವಳ ಮೊಳ ಯಾವ ಕಾಲಕ್ಕೂ ಒಂದಾಗುವುದಿಲ್ಲ. ಸೊಳ್ಳೆಯ ವಿಷಯ ಎತ್ತದಿರುವುದೇ ಲೇಸು.

ಪರೀಕ್ಷೆಗಳು ಮುಗಿದು, ಬಿಸಿಲು ಬಲಿತ ಮೇಲೆ ಬಿಸಿಲುಮಚ್ಚಿನ ನಿಜವಾದ ಹಬ್ಬ. ಸಮುದ್ರಮಟ್ಟದಿಂದ ೯೦೦ ಮೀಟರಿನ ಎತ್ತರದಲ್ಲಿರುವ ಊರೆಂದು ಬೆಂಗಳೂರಿಗೆ ತಂಪಿನ ಹೆಮ್ಮೆ. ಆದರೂ ೨೦೧೬ರ ಏಪ್ರಿಲಿನಲ್ಲಿ ಇಲ್ಲಿಯೂ ೩೯.೨ ಡಿಗ್ರಿಯ ಉಷ್ಣವನ್ನು ಜನ ಕಂಡರು. ಎಲ್ಲರೂ ಬಿಸಿಲನ್ನು ಬೈಯುವಾಗ ಸಂಡಿಗೆಯ ಮನೆಯಾಕೆ ಮಾತ್ರ ಆಕಾಶ ನೋಡಿ ಸಂತೋಷಪಡುತ್ತಾಳೆ.

ಸಂಡಿಗೆ ಒಬ್ಬರಿಂದಾಗುವ ಕೆಲಸವಲ್ಲ. ಸಬ್ಬಕ್ಕಿಯನ್ನು ರಾತ್ರಿ ನೆನೆಹಾಕಿ, ಬೆಳಗಿನ ಜಾವ ಎದ್ದು ಕನ್ನಡಿಯಂತಾಗುವವರೆಗೆ ಬೇಯಿಸಬೇಕು. ಹಸಿಮೆಣಸಿನಕಾಯಿ, ಇಂಗು, ಉಪ್ಪು ಅರೆದು ಸೇರಿಸಿ, ನಿಂಬೆಯ ರಸ ಹಿಂಡಬೇಕು. ಅಕ್ಕಿಯ ಸಂಡಿಗೆಯಾದರೆ ಕುದಿಯುವ ನೀರಿಗೆ ಹಿಟ್ಟು ಹಾಕಿ ಗಂಟಾಗದಂತೆ ಕೂಡಿಸಬೇಕು. ಬಿಸಿಯಾರುವ ಮುನ್ನ ಒರಳಿಗೆ ತುಂಬಿ ಒತ್ತಬೇಕು. ಬಿಸಿ ಹಿಟ್ಟಿನ ಪಾತ್ರೆಯನ್ನು ಮಹಡಿಗೆ ಒಯ್ಯುವವರೊಬ್ಬರು, ಹಳೆಯ ಪಂಚೆ ಹಾಸಿ ನಾಲ್ಕು ಮೂಲೆಗೂ ಕಲ್ಲಿಡುವವರೊಬ್ಬರು, ಒತ್ತುವವರೊಬ್ಬರು, ಸಾಲು ನೆಟ್ಟಗಿಲ್ಲವೆಂದು ಹೇಳುವವರೊಬ್ಬರು. ಅರಳು ಸಂಡಿಗೆಗೆ ಬೂದುಗುಂಬಳಕಾಯಿ ತುರಿಯುವುದಿದೆ. ಬಾಳಕಕ್ಕೆ ಸೀಳಿದ ಮೆಣಸಿನಕಾಯಿಯನ್ನು ಹಗಲು ಒಣಗಿಸಿ, ರಾತ್ರಿ ಮತ್ತೆ ಉಪ್ಪು ಮಜ್ಜಿಗೆಯಲ್ಲಿ ಮುಳುಗಿಸುವ ತಪಸ್ಸಿದೆ. ಉದ್ದಿನ ಹಪ್ಪಳದ ಹಿಟ್ಟನ್ನಂತೂ ಮಂಗರವಳ್ಳಿಯ ರಸ ಹಾಕಿ ಕಲಸಿ, ಎಣ್ಣೆ ಮುಟ್ಟಿಸುತ್ತ ಒನಕೆಯಲ್ಲಿ ಕುಟ್ಟಬೇಕು. ನೆರೆಹೊರೆಯ ನಾಲ್ಕು ಲಟ್ಟಣಿಗೆಗಳು ಕೂಡಿದರೆ ಮಾತ್ರ ಅದು ಒಂದು ಮಧ್ಯಾಹ್ನದಲ್ಲಿ ಮುಗಿದೀತು. ಕೈ ಲಟ್ಟಿಸುತ್ತಿರುವಾಗ ಬಾಯಿ ಸುಮ್ಮನಿರುವುದಿಲ್ಲ. ಯಾರ ಮಗಳಿಗೆ ಎಲ್ಲಿಂದ ಜಾತಕ ಬಂತು, ಯಾರ ಸೊಸೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾಳೆ, ಯಾರ ಸಕ್ಕರೆಯ ಕಾಯಿಲೆ ಯಾವ ಕಷಾಯದಿಂದ ಇಳಿಯಿತು, ಎಲ್ಲವೂ ಹಪ್ಪಳದಷ್ಟೇ ತೆಳ್ಳಗೆ ಲಟ್ಟಿಸಲ್ಪಡುತ್ತವೆ. ಹಾಗೆಯೇ, ಗಂಡನ ಶಸ್ತ್ರಚಿಕಿತ್ಸೆಗೆ ಹಣ ಸಾಲದೆ ಕುಳಿತಿದ್ದವಳು ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದೂ ಇಂಥ ಒಂದು ಹಪ್ಪಳದ ಮಧ್ಯಾಹ್ನದಲ್ಲಿಯೇ ಇದ್ದೀತು. ಎದುರಿಗೆ ಕುಳಿತು, ಮುಖ ನೋಡಿ ಹೇಳಲಾಗದ ಮಾತನ್ನು ಲಟ್ಟಣಿಗೆ ನೋಡುತ್ತ ಹೇಳಬಹುದು.

ಕಾವಲು ಮಕ್ಕಳದು. ಕೈಯಲ್ಲಿ ಕೋಲು, ತಲೆಯ ಮೇಲೆ ಒದ್ದೆ ಟವಲು, ಪಕ್ಕದಲ್ಲಿ ಕಥೆಯ ಪುಸ್ತಕ ಅಥವಾ ಅಪ್ಪನ ಮೊಬೈಲು. ಕಾಗೆಗೆ ಬೆದರಿಸಲು ಕಪ್ಪು ಕೊಡೆಯೊಂದನ್ನು ಬಿಚ್ಚಿಡುತ್ತಾರೆ. ಎರಡನೆಯ ದಿನ ಕಾಗೆ ಅದರ ನೆರಳಿನಲ್ಲಿ ಕುಳಿತೇ ಸಂಡಿಗೆ ತಿನ್ನುತ್ತದೆ. ಕಾಗೆ ತಿಂದದ್ದಕ್ಕಿಂತ ಕಾವಲುಗಾರರು ತಿಂದದ್ದೇ ಹೆಚ್ಚೆಂಬುದು ಅನುಭವಿಗಳ ಮಾತು. ಮೇಲೆ ಒಣಗಿ ಒಳಗೆ ಮೆತ್ತಗಿರುವ ಅರೆಬಿಸಿಲಿನ ಸಂಡಿಗೆಯ ರುಚಿ ಎಣ್ಣೆಯಲ್ಲಿ ಕರಿದ ಸಂಡಿಗೆಗೆ ಎಲ್ಲಿಂದ ಬರಬೇಕು?

ಇದೆಲ್ಲವೂ ಈಗ ಎಲ್ಲ ಮನೆಗಳಲ್ಲಿಯೂ ಸಾಧ್ಯವಿಲ್ಲ. ಬಹುಮಹಡಿಯ ವಸತಿಕಟ್ಟಡಗಳಲ್ಲಿ ಬಿಸಿಲುಮಚ್ಚಿಗೆ ಬೀಗ. ಬೀಗದ ಕೈ ಸಂಘದ ಕಾರ್ಯದರ್ಶಿಯ ಬಳಿ. ಅವರು ಊರಿನಲ್ಲಿಲ್ಲ. ಇದ್ದರೂ “ಎಲ್ಲರೂ ಸಂಡಿಗೆ ಹಾಕಿದರೆ ಹೇಗೆ?” ಎನ್ನುತ್ತಾರೆ. ಎಲ್ಲರೂ ಹಾಕುವುದೇ ಸಂಡಿಗೆಯ ಸೊಗಸೆಂದು ಅವರಿಗೆ ಹೇಳುವವರು ಯಾರು? ತೆರೆದಿರುವ ಮಹಡಿಯ ಮೇಲೂ ಸೌರಫಲಕ, ನೀರಿನ ತೊಟ್ಟಿ, ದೂರವಾಣಿಯ ಗೋಪುರಗಳು ಬಿಸಿಲನ್ನು ಹಂಚಿಕೊಂಡಿವೆ, ಉಳಿದದ್ದು ಪಾರಿವಾಳಗಳಿಗೆ. ಸಂಡಿಗೆ ಬೇಕಾದವರಿಗೆ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಪೊಟ್ಟಣ ಸಿಗುತ್ತದೆ. ತಿಂದರೆ ಕೆಟ್ಟದಾಗೇನೂ ಇರುವುದಿಲ್ಲ.

ಮೇಷ್ಟರ ಮನೆಯಾಕೆಯೂ ರಾಯರ ಮನೆಯಾಕೆಯೂ ಆ ವರ್ಷ ಒಂದೇ ದಿನ ಸಂಡಿಗೆ ಹಾಕಿದರು. ಹೊಂಗೆಯ ನೆರಳಿನಿಂದ ತಮ್ಮ ಮಹಡಿಗೆ ಬಿಸಿಲು ಸಾಲದೆಂದು ಮೇಷ್ಟರ ಮನೆಯಾಕೆ ಯಾವಾಗಲೂ ರಾಯರ ಮಹಡಿಯ ದಕ್ಷಿಣದ ಭಾಗದಲ್ಲಿಯೇ ಹರಡುವುದು. ಅವರದು ಓಮದ ಸಂಡಿಗೆ, ಇವರದು ಜೀರಿಗೆಯದು. ಎರಡು ಪಂಚೆಗಳ ನಡುವೆ ಒಂದು ಅಡಿ ಅಂತರ.

ಎರಡನೆಯ ದಿನ ಮಧ್ಯಾಹ್ನದ ವೇಳೆಗೆ ಗಾಳಿ ನಿಂತಿತು. ಬೆವರು ಸುರಿಯಿತು. ಸೂರ್ಯ ಅಶ್ವಿನಿಗೆ ಬಂದು ನಾಲ್ಕೈದು ದಿನವಾಗಿತ್ತು. ಮಾವಿಗೆ ಒಳ್ಳೆಯದೆಂದು ಮಾವಿನ ಮಳೆ, ಕಾಫಿಯ ನಾಡಿನಲ್ಲಿ ಹೂ ಅರಳಿಸುವುದೆಂದು ಹೂಮಳೆ, ಹೀಗೆ ಹೆಸರು ಏನಿಟ್ಟರೂ ಚೈತ್ರ ವೈಶಾಖಗಳ ಮಳೆಯ ಸ್ವಭಾವ ಒಂದೇ: ಹಗಲೆಲ್ಲ ಕಾದ ನೆಲದಿಂದ ಮೇಲೆದ್ದ ಕಾವು ಮೋಡವಾಗಿ ಗೋಪುರ ಕಟ್ಟಿ, ಸಂಜೆಯ ಹೊತ್ತಿಗೆ ಗುಡುಗಿ ಸುರಿಯುತ್ತದೆ. ಬರದೆ ಕಾಡಿಸುವುದೂ ಉಂಟು. ೨೦೨೪ರ ಏಪ್ರಿಲ್ ಇಡೀ ತಿಂಗಳು ಹೇಳಿಕೊಳ್ಳುವಂಥ ಮಳೆಯಿಲ್ಲದೆ, ಕೊಳವೆ ಬಾವಿಗಳು ಬತ್ತಿ, ನೀರಿನ ಟ್ಯಾಂಕರಿನ ಮುಂದೆ ಜನ ಕೊಡ ಹಿಡಿದು ನಿಂತ ವರ್ಷ. ಈ ಸಲ ಹಾಗಾಗಲಿಲ್ಲ. ನಾಲ್ಕು ಗಂಟೆಗೆ ಧೂಳೆದ್ದಿತು. ಕಾವಲಿನ ಹುಡುಗ “ಅಜ್ಜೀ!” ಎಂದು ಕೂಗುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು.

ಆ ವೇಳೆ ರಾಯರ ಮನೆಯಲ್ಲಿದ್ದವರು ರಾಯರೊಬ್ಬರೇ. ಮನೆಯಾಕೆ ಗಾಂಧಿಬಜಾರಿಗೆ ಹೋಗಿದ್ದರು. ಅವರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮೇಷ್ಟರೂ ಅವರ ಮನೆಯಾಕೆಯೂ ಆಗಲೇ ಮೇಲಿದ್ದರು. ಮೇಷ್ಟರ ಕೈ ಮೊದಲು ಹೋದದ್ದು ಜೀರಿಗೆಯ ಪಂಚೆಗೆ. ರಾಯರು ಓಮದ ಪಂಚೆಯ ಎರಡು ಮೂಲೆ ಹಿಡಿದರು. ಯಾವುದನ್ನೂ ಮಡಿಸಲು ಸಮಯವಿರಲಿಲ್ಲ. ಎರಡನ್ನೂ ಬಾಚಿ ಒಂದೇ ಮೊರಕ್ಕೆ ಸುರಿದದ್ದಾಯಿತು. ಆಲಿಕಲ್ಲು ಬಿತ್ತು. ಹುಡುಗ ಕುಣಿದ. ಮಹಡಿಯ ಮೂಲೆಯಲ್ಲಿ ನೀರು ಏರತೊಡಗಿತು: ಕೊಳವೆಯ ಬಾಯಿಗೆ ಎಲೆ.

“ಒಂದು ಗಳ ತನ್ನಿ ರಾಯರೇ.”

“ಗಳ ಎಲ್ಲಿದೆ ಮೇಷ್ಟ್ರೇ? ಈ ಕೊಡೆಯ ಹಿಡಿಯಲ್ಲಿ ಎಳೆಯಿರಿ.”

“ಇದಕ್ಕೊಂದು ಜಾಲರಿ ಹಾಕಿಸಬಾರದಾಗಿತ್ತೆ? ಮೂವತ್ತು ರೂಪಾಯಿ ಆಗ್ತಿತ್ತು.”

“ಹಾಕಿಸಿದ್ದೆ. ನಿಮ್ಮ ಮೊಮ್ಮಗನ ಚೆಂಡು ಬಡಿದು ಮುರೀತು.”

ನೀರು ಗುಳುಗುಳು ಎಂದು ಇಳಿಯಿತು. ಇಬ್ಬರೂ ತೊಯ್ದು ತೊಪ್ಪೆಯಾಗಿ, ತಲೆಬಾಗಿಲಿನ ಕೆಳಗೆ ನಿಂತು ಮಳೆ ನೋಡಿದರು. ನೆಲದ ವಾಸನೆ ಎದ್ದಿತ್ತು. ಮರ ತಲೆ ತೊಳೆದುಕೊಂಡು ನಿಂತಿತ್ತು.

ಸಂಜೆ ಕೆಳಗಿನ ನಡುಮನೆಯಲ್ಲಿ ಇನ್ನೊಂದು ಸಮಸ್ಯೆ. ಮೊರದಲ್ಲಿ ಎರಡು ಮನೆಯ ಸಂಡಿಗೆಯೂ ಕಲಸಿಹೋಗಿದೆ. ಅರೆ ಒದ್ದೆ, ಅರೆ ಮುರುಕು. ಹಾಗೆಯೇ ಬಿಟ್ಟರೆ ಬೆಳಗಾಗುವುದರೊಳಗೆ ಹುಳಿಯುತ್ತದೆ. ರಾಯರ ಮನೆಯಾಕೆ ಕಪಾಟಿನಿಂದ ಕೈಗೆ ಸಿಕ್ಕ ಹಳೆಯ ಕಾಗದಗಳನ್ನೆಲ್ಲ ತಂದು ನೆಲದ ತುಂಬ ಹಾಸಿದರು. ಇಬ್ಬರು ಹೆಂಗಸರೂ ಎದುರುಬದುರಾಗಿ ಕುಳಿತು, ಒಂದೊಂದನ್ನೇ ಬೆಳಕಿಗೆ ಹಿಡಿದು ಬೇರ್ಪಡಿಸತೊಡಗಿದರು. “ಇದು ಓಮ, ನಿಮ್ಮದು ಅಕ್ಕ.” “ಇದು ಜೀರಿಗೆ.” “ಇದೇನೋ ತಿಳಿಯದು, ಹುಡುಗನಿಗೆ ಕೊಡಿ.” ಮಹಡಿಯ ಮೇಲಿನಿಂದ ಒಣ ಪಂಚೆಯುಟ್ಟು ಬಂದ ರಾಯರು ನಡುಮನೆ ದಾಟುವಾಗ ಕೆಳಗೆ ನೋಡಿ ನಿಂತರು. ಕಿಟಕಿಯ ಬಳಿಯ ಹಾಳೆಯೊಂದರ ಮೇಲೆ ಹತ್ತು ಹನ್ನೆರಡು ಸಂಡಿಗೆಗಳು ಸಾಲಾಗಿ ಕುಳಿತಿದ್ದುವು. ಒದ್ದೆಗೆ ನೀಲಿ ಶಾಯಿ ಹಬ್ಬಿ, ‘ವೃಕ್ಷಾಧಿಕಾರಿಗಳಿಗೆ’ ಎಂಬುದರಲ್ಲಿ ‘ವೃಕ್ಷ’ ಮಾತ್ರ ಉಳಿದಿತ್ತು.

“ಇದನ್ನು ಮತ್ತೆ ಬರೆಯಬೇಕಾದೀತಲ್ಲ” ಎಂದರು ರಾಯರು.

“ಬರೆಯೋರಂತೆ” ಎಂದರು ಆಕೆ, ತಲೆಯೆತ್ತದೆ. “ಮೊದಲು ಆ ಫ್ಯಾನು ಹಾಕಿ.”